ರುಬ್ಬುವವರೇ ಬಂದು ಹೇಳಲಿ

ನನ್ನ ಮೊಮ್ಮಗಳಷ್ಟು ಸೋಮಾರಿ ರಿಪೇರಿಯವಳನ್ನು ನೀವು ಮಧುಗಿರಿಯಿಂದ ಪಾವಗಡದವರೆಗೆ ಹುಡುಕಿದರೂ ಕಾಣಲಾರಿರಿ! ಕೆಟ್ಟ ಮಿಕ್ಸಿಯನ್ನು ಮುಂದೆ ತಂದಿಟ್ಟರೆ ಅವಳು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಚೀಲವನ್ನು ಗೋಡೆಗೆ ಒರಗಿಸಿ, ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಾಫಿ ಕೊಟ್ಟರೆ ಕಾಫಿ, ಮಜ್ಜಿಗೆ ಕೊಟ್ಟರೆ ಮಜ್ಜಿಗೆ ಕುಡಿಯುತ್ತಾಳೆ. ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಈ ಹುಡುಗಿ ರಿಪೇರಿಗೆ ಬಂದಳೋ, ನೆಂಟರ ಮನೆಗೆ ಬಂದಳೋ? ನನಗೆ ಮಾತ್ರ ಒಳಗೊಳಗೇ ನಗು. ಯಾಕೆಂದರೆ ಅವಳ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.

ನಾನು ಯಾರು ಅಂದಿರಾ? ಅವಳ ತಾತ. ಅವಳ ಕೈಯಾಳು ಕೂಡ. ವಯಸ್ಸು ಎಪ್ಪತ್ತೆರಡು. ಓದಿದ್ದು ನಾಲ್ಕನೇ ಕ್ಲಾಸು, ಅದೂ ಮೇಷ್ಟ್ರ ದಯೆಯಿಂದ. ನಲವತ್ತು ವರ್ಷ ಕುರಿ ವ್ಯಾಪಾರ ಮಾಡಿ, ಮಂಡಿ ನೋವು ಬಂದ ಮೇಲೆ ಬಿಟ್ಟೆ. ಈಗ ಮೊಮ್ಮಗಳ ಸ್ಕೂಟರಿನ ಹಿಂದೆ ಚೀಲ ತಬ್ಬಿಕೊಂಡು ಕೂರುವುದೇ ನನ್ನ ಉದ್ಯೋಗ. ಟಾರ್ಚು ಬಿಡುತ್ತೇನೆ, ಬಿಚ್ಚಿದ ಸ್ಕ್ರೂಗಳನ್ನು ಸ್ಟೀಲು ತಟ್ಟೆಯಲ್ಲಿ ಕಾಯುತ್ತೇನೆ, ನಕ್ಷತ್ರದ ಮೂತಿಯ ಸ್ಕ್ರೂಡ್ರೈವರ್ ಯಾವುದು, ಚಪ್ಪಟೆ ಮೂತಿಯದು ಯಾವುದು ಎಂದು ಚೀಲದೊಳಗೆ ಕೈಯಾಡಿಸಿಯೇ ಹೇಳುತ್ತೇನೆ. ಈ ವಯಸ್ಸಿನಲ್ಲಿ ಇಂಥ ಬಡ್ತಿ ಎಷ್ಟು ಜನಕ್ಕೆ ಸಿಕ್ಕೀತು?

ಅವಳದು ಒಂದೇ ಹಠ. ಯಂತ್ರಕ್ಕೆ ಏನಾಯಿತು ಎನ್ನುವುದನ್ನು, ಅದನ್ನು ದಿನವೂ ಬಳಸುವವರೇ ತಮ್ಮ ಬಾಯಿಂದ ಹೇಳಬೇಕು. ಕೊನೆಯ ಸಲ ಸರಿಯಾಗಿ ಓಡಿದ್ದು ಯಾವತ್ತು, ಅವತ್ತು ಏನು ಹಾಕಿದ್ದಿರಿ, ಯಾರು ಬಂದಿದ್ದರು, ಆಮೇಲೆ ಏನು ಮಾಡಿದಿರಿ, ಎಲ್ಲ. ಗಂಡ ಹೇಳಿದರೆ ಆಗದು. ಮಗ ಫೋನಿನಲ್ಲಿ ಹೇಳಿದರೂ ಆಗದು. ಬಳಸುವವರು ಬಾಯಿ ಬಿಡುವ ತನಕ ಅವಳು ಕೈ ಹಾಕುವುದಿಲ್ಲ. ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೂ ಇಲ್ಲ!

ಈ ಹಠದಿಂದ ನಮ್ಮ ಮನೆಯಲ್ಲಿ ಏನಾಯಿತು ಎಂದು ಹೇಳಬೇಕೆಂದೇ ಕೂತಿದ್ದೇನೆ. ಅದಕ್ಕೆ ಮೊದಲು ನನ್ನ ಒಂದು ಕೊರಗು ನಿಮಗೆ ಗೊತ್ತಾಗಬೇಕು.

ನನ್ನ ಮಗ, ಅಂದರೆ ಇವಳ ಅಪ್ಪ, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮಗಳು ಬಿ.ಎಸ್ಸಿ. ಮುಗಿಸಿದಳು, ಇನ್ನು ಬಿ.ಎಡ್. ಮಾಡಿ ತನ್ನ ಹಾಗೆ ಮೇಷ್ಟ್ರಾಗುತ್ತಾಳೆ ಎಂದು ಅರ್ಜಿ ತಂದಿಟ್ಟ. ಇವಳು ಆ ಅರ್ಜಿಯನ್ನು ಜೋಪಾನವಾಗಿ ಮಡಿಸಿಟ್ಟು ತುಮಕೂರಿಗೆ ಹೋದಳು. ಅಲ್ಲಿ ವಯಸ್ಸಾದ ಒಬ್ಬ ಮೆಕ್ಯಾನಿಕ್ ಬಳಿ ಎಂಟು ತಿಂಗಳು ಕೂತು ಮಿಕ್ಸಿ, ಗ್ರೈಂಡರು, ಬಟ್ಟೆ ಒಗೆಯುವ ಮಷೀನು ಎಲ್ಲ ಕಲಿತು, ಹೆಗಲಿಗೆ ಚೀಲ ಹಾಕಿಕೊಂಡು ಬಂದಳು. ಆ ಚೀಲ ನೋಡಿದ ದಿನ ನನ್ನ ಮಗ ಅವಳ ಜೊತೆ ಮಾತು ಬಿಟ್ಟ. ಬೈದಿದ್ದರೆ ಪರವಾಗಿರಲಿಲ್ಲ. ಬೈಗುಳ ಒಂದು ದಿನಕ್ಕೆ ಆರುತ್ತದೆ. ಇವನು ಬಾಯಿ ಮುಚ್ಚಿದವನು ಒಂದು ವರ್ಷ ತೆರೆಯಲಿಲ್ಲ. ಊಟಕ್ಕೆ ಕೂತಾಗ ಪಕ್ಕದಲ್ಲೇ ಇರುವ ಮಗಳಿಗೆ ಉಪ್ಪಿನಕಾಯಿ ಬೇಕಾ ಎಂದು ನನ್ನನ್ನು ಕೇಳುತ್ತಿದ್ದ. ನಾನು ಅವಳನ್ನು ಕೇಳಿ, ಅವಳು ಬೇಡ ಅಂದದ್ದನ್ನು ಅವನಿಗೆ ಮುಟ್ಟಿಸಬೇಕು. ಮೂರು ಮೊಳದ ದೂರಕ್ಕೆ ನಾನೊಬ್ಬ ಅಂಚೆಯವನು! ಮೇಷ್ಟ್ರಿಗೆ ಮಗಳ ಕಸುಬು ನಾಚಿಕೆಯಾಗಿದೆ ಎಂದು ನಾನು, ಸೊಸೆ, ಬೀದಿಯವರು ಎಲ್ಲರೂ ತೀರ್ಮಾನ ಮಾಡಿದ್ದೆವು. ಇವರಿಬ್ಬರೂ ನೇರವಾಗಿ ಒಂದು ಮಾತಾಡಿದ್ದನ್ನು ಕಿವಿಯಾರೆ ಕೇಳಿಬಿಟ್ಟರೆ ಸಾಕಪ್ಪ ಎನ್ನುವುದೊಂದೇ ನನ್ನ ಆಸೆ.

ಇರಲಿ, ಈಗ ಅವಳ ಪ್ರತಾಪ ಕೇಳಿ.

ಮಧುಗಿರಿಯಲ್ಲೇ ಒಂದು ಮನೆ. ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಇರುವವರು. ನಾವು ಕೂತ ಕೂಡಲೇ ಮಿಕ್ಸಿಯ ಮೋಟರು ಸುಟ್ಟಿದೆ, ಕಾಯಿಲ್ ಹೋಗಿದೆ, ಹೊಸದು ತರುವುದೇ ವಾಸಿ ಎಂದು ಕಡತ ಓದಿದ ಹಾಗೆ ಓದಿದರು. ಇವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತುಂಬ ಮರ್ಯಾದೆಯಿಂದ, "ನೀವು ರುಬ್ತೀರಾ ಸಾರ್?" ಅಂದಳು. ಅವರು ಇಲ್ಲ ಅಂದರು. "ಹಂಗಾದ್ರೆ ರುಬ್ಬೋರು ಬಂದು ಹೇಳ್ಲಿ."

ಬಾಗಿಲ ಹಿಂದಿದ್ದ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು ಬಂದರು. ಮೊದಲು ಏನೂ ಆಗಿಲ್ಲ ಅಂದರು. ಎರಡನೇ ಲೋಟ ಕಾಫಿಯ ಹೊತ್ತಿಗೆ ನಿಜ ಹೊರಬಂತು. ಚಟ್ನಿಪುಡಿ ಮಾಡುವ ಅವಸರದಲ್ಲಿ ಕೊಬ್ಬರಿ ಗಿಟುಕನ್ನು ತುರಿಯದೆ, ಒಡೆಯದೆ, ಇಡಿಯಾಗಿ ಹಾಕಿದ್ದರಂತೆ. ಮಿಕ್ಸಿ ಗೊರ್ ಎಂದು ಒಂದು ಸಲ ಕೂಗಿ ನಿಂತಿತಂತೆ. ಗಂಡ ಬೈದಾರು ಎಂದು ಗಿಟುಕನ್ನು ತೆಗೆದು ಬಚ್ಚಿಟ್ಟರಂತೆ. ಇವಳು ಮಿಕ್ಸಿಯನ್ನು ಬೋರಲು ಹಾಕಿಸಿ, ತಳದಲ್ಲಿದ್ದ ಕೆಂಪು ಗುಂಡಿಯನ್ನು ಆ ಹೆಂಗಸಿನ ಕೈಯಿಂದಲೇ ಒತ್ತಿಸಿದಳು. ನೆಟ್ಟಗೆ ನಿಲ್ಲಿಸಿ ಸ್ವಿಚ್ಚು ಹಾಕಿದರೆ ಮಿಕ್ಸಿ ಸೊಗಸಾಗಿ ಓಡಿತು! ಹೊರೆ ಜಾಸ್ತಿಯಾದರೆ ಮೋಟರು ಸುಡದಿರಲಿ ಎಂದು ಆ ಗುಂಡಿ ತಾನಾಗಿಯೇ ಎಗರಿ ಕರೆಂಟು ತಡೆಯುತ್ತದಂತೆ. ಯಜಮಾನರಿಗೆ ಅವಮಾನವಾದಂತಾಗಿ, ಇಷ್ಟೇನಾ ಎಂದು ಕೇಳಿದರು.

"ಇಷ್ಟೇ ಸಾರ್. ಈ ಗುಂಡಿ ನಿಮ್ ಮನೆಗೆ ಬಂದು ನಾಕು ವರ್ಷ ಆಯ್ತು. ಯಾರೂ ಮಾತಾಡ್ಸಿರ್ಲಿಲ್ಲ."

ಕೊರಟಗೆರೆಯಲ್ಲಿ ನಡೆದದ್ದನ್ನು ಹೇಳದಿದ್ದರೆ ನನಗೆ ಊಟ ಸೇರದು, ಯಾಕೆಂದರೆ ಅಲ್ಲಿ ರೋಗ ಕಂಡುಹಿಡಿದವನು ನಾನು! ಆ ಮನೆಯ ಮಿಕ್ಸಿಯಲ್ಲಿ ಮೋಟರು ತಿರುಗುತ್ತದೆ, ಸದ್ದು ಬರುತ್ತದೆ, ಜಾರಿನೊಳಗಿನ ಬ್ಲೇಡು ಮಾತ್ರ ಅಲ್ಲಾಡದು. ಮನೆಯಾಕೆ ಕಥೆ ಹೇಳುತ್ತಿದ್ದಾಗ ನಾನು ಸುಮ್ಮನೆ ಜಾರು ಎತ್ತಿ ನೋಡಿದೆ. ಕೆಳಗೆ ಜಾರನ್ನು ಕಚ್ಚಿ ಹಿಡಿಯುವ ಒಂದು ಕರಿಯ ಬಿಲ್ಲೆ, ಅದರ ಸುತ್ತ ಹಲ್ಲು. ಹಲ್ಲು ಸವೆದು ಒಸಡೇ ಉಳಿದಿತ್ತು. ನಲವತ್ತು ವರ್ಷ ಕುರಿಯ ಬಾಯಿ ತೆರೆದು ವಯಸ್ಸು ಹೇಳಿದವನಿಗೆ ಇದು ಕಾಣದೇ ಇರುತ್ತದೆಯೇ? ಇದು ಮೇಯಲಾರದ ಮುದಿ ಕುರಿ, ಹಲ್ಲು ಕಟ್ಟಿಸಿ ಅಂದೆ. ಮೊಮ್ಮಗಳು ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆಯಬೇಕು. ಅವತ್ತು ಮಧುಗಿರಿಯವರೆಗೂ ಸ್ಕೂಟರಿನ ಹಿಂದೆ ಎದೆ ಸೆಟೆಸಿಕೊಂಡೇ ಕೂತಿದ್ದೆ. ರಸ್ತೆಯ ಗಾಳಿಗೆ ಪಂಚೆ ಹಾರಿದ್ದೂ ಗೊತ್ತಾಗಲಿಲ್ಲ.

ಆದರೆ ನನ್ನದೆಲ್ಲ ಕಣ್ಣಿಗೆ ಕಂಡ ವಿದ್ಯೆ. ಅವಳದು ಕಾಣದ್ದನ್ನು ಹಿಡಿಯುವ ವಿದ್ಯೆ. ಅವಳ ಜೊತೆ ಬೀದಿಯಲ್ಲಿ ನಡೆಯುವುದೇ ಒಂದು ಸೋಜಿಗ. ಯಾರದೋ ಮನೆಯ ಕಿಟಕಿಯಿಂದ ಮಷೀನಿನ ಸದ್ದು ಬಂದರೆ ಅವಳ ಎಡಗಿವಿ ತುಸು ಅಲುಗುತ್ತದೆ. "ತಾತ, ಆ ಮನೆ ಮಷೀನಲ್ಲಿ ನೀರು ಹೊರಗೆ ಹೋಗ್ತಿಲ್ಲ. ಜೇಬಲ್ಲಿ ಏನೋ ಬುಟ್ಟವ್ರೆ" ಅನ್ನುತ್ತಾಳೆ. ನಾಲ್ಕು ದಿನಕ್ಕೆ ಅದೇ ಮನೆಯಿಂದ ಕರೆ ಬರುತ್ತದೆ. ಬಿಚ್ಚಿದರೆ ನೀರು ಹೊರಗೆ ತಳ್ಳುವ ಪಂಪಿನಲ್ಲಿ ಒಂದು ಅಡಿಕೆ ಚೂರು, ಒಂದು ಸೇಫ್ಟಿ ಪಿನ್ನು! ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಮೊಮ್ಮಗಳಿಗೆ ಕೈ ಮುಗಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಸುಮ್ಮನಿರುತ್ತೇನೆ.

ಶಿರಾದಲ್ಲಿ ಒಂದು ಮನೆಯ ಅತ್ತೆ ನಮ್ಮನ್ನು ಕರೆಸಿದ್ದು ಫ್ರಿಜ್ಜಿಗೆ. ಅದು ತಣ್ಣಗೆ ಇಡುವುದಿಲ್ಲ, ಬೆಳಿಗ್ಗೆ ರುಬ್ಬಿದ ದೋಸೆ ಹಿಟ್ಟು ಸಂಜೆಗೆ ಹುಳಿ ಹುಳಿ ಎಂಬುದು ದೂರು. ದೂರು ಹೇಳುತ್ತಲೇ ಸೊಸೆಯ ಕಡೆ ಗಲ್ಲ ತಿರುವಿ, "ಫ್ರಿಜ್ಜು ಸರಿಯಿದ್ರೂ ಅಷ್ಟೇ ಕಣಮ್ಮ. ಇವ್ಳ ಕೈಯೇ ಹುಳಿ" ಅಂದರು. ಕೆಲವರ ಕೈ ತಾಗಿದರೆ ಹಿಟ್ಟು ಬೇಗ ಹುಳಿಯುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಆರು ತಿಂಗಳ ಹಿಂದೆ ಮದುವೆಯಾಗಿ ಬಂದ ಹುಡುಗಿ. ಗೋಡೆ ನೋಡುತ್ತಾ ನಿಂತಿತ್ತು.

ನನ್ನ ಮೊಮ್ಮಗಳು ಫ್ರಿಜ್ಜನ್ನು ತೆರೆದೂ ನೋಡಲಿಲ್ಲ. ರುಬ್ಬುವವರು ಯಾರು ಎಂದು ಕೇಳಿ, ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಅರ್ಧ ಗಂಟೆ ಮಾತು. ಮೊದಲೆಲ್ಲ ಮುಕ್ಕಾಲು ಗಂಟೆಯಲ್ಲಿ ನುಣ್ಣಗಾಗುತ್ತಿದ್ದ ಹಿಟ್ಟು ಈಗ ಒಂದೂವರೆ ಗಂಟೆಯಾದರೂ ತರಿತರಿ ಎಂದು ಹುಡುಗಿ ಹೇಳಿತು. ಅವತ್ತು ಉದ್ದು ನೆನೆದಿತ್ತು, ರುಬ್ಬಿಸಿದಳು. ಗ್ರೈಂಡರಿನ ಕಲ್ಲು ಮದುವೆ ಮನೆಯ ಹಿರಿಯರ ಹಾಗೆ ಯೋಚನೆ ಮಾಡಿ ಮಾಡಿ ತಿರುಗುತ್ತಿತ್ತು. ಆಮೇಲೆ ಅತ್ತೆಯನ್ನು ಕರೆದು, "ಅಮ್ಮ, ಹಿಟ್ಟಿಗೆ ನಿಮ್ ಬೆರಳು ಇಕ್ಕಿ ನೋಡಿ" ಅಂದಳು. ಅವರು ಇಕ್ಕಿದರು. ಹಿಟ್ಟು ಸ್ನಾನದ ನೀರಿನ ಹಾಗೆ ಬೆಚ್ಚಗಿತ್ತು. ಗ್ರೈಂಡರನ್ನು ಮಗ್ಗುಲಿಗೆ ಮಲಗಿಸಿ ತಳ ಬಿಚ್ಚಿದರೆ, ಒಳಗಿನ ಬೆಲ್ಟು ಸಡಿಲವಾಗಿ ಕನ್ನಡಿಯಂತೆ ಹೊಳೆಯುತ್ತಿದೆ. ಬೆಲ್ಟು ಜಾರುತ್ತದೆ, ಕಲ್ಲು ನಿಧಾನವಾಗುತ್ತದೆ, ದುಪ್ಪಟ್ಟು ಹೊತ್ತು ತಿಕ್ಕಿ ಹಿಟ್ಟು ಬಿಸಿಯಾಗುತ್ತದೆ, ಬಿಸಿಯಾದ ಹಿಟ್ಟು ಹುಳಿಯದೇ ಇನ್ನೇನು ಮಾಡೀತು? ಹೊಸ ಬೆಲ್ಟು ಹಾಕಿದಳು. ಕಲ್ಲು ಗಿರಗಿರ ಎಂದಿತು.

ಸೊಸೆ ನಗಲಿಲ್ಲ. ಅತ್ತೆ ಬೆರಳಿನ ಹಿಟ್ಟನ್ನು ಒರೆಸಿಕೊಳ್ಳದೆ ಹಾಗೇ ನಿಂತಿದ್ದರು. ಆಮೇಲೆ ಮೆಲ್ಲಗೆ, "ನಂದೂ ಹುಳಿ ಕೈ ಅಂತಿದ್ರು ನಮ್ಮತ್ತೆ. ಇಲ್ಲಿಗಂಟ ನಂಬ್ಕಂಡ್ ಬುಟ್ಟಿದ್ದೆ" ಅಂದರು. ಅವರ ಕಾಲದಲ್ಲಿ ಒರಳುಕಲ್ಲು, ಅದಕ್ಕೆ ಬೆಲ್ಟು ಎಲ್ಲಿಂದ ಬರಬೇಕು ಎಂದು ನಾನು ಕೇಳಹೊರಟೆ. ಮೊಮ್ಮಗಳು ನನ್ನ ಕಾಲು ತುಳಿದಳು.

ಪಾವಗಡದ್ದು ಚಿಕ್ಕದು, ಹೇಳಿ ಮುಗಿಸುತ್ತೇನೆ. ಕೋಟೆಯ ಬೆಟ್ಟದ ಬುಡದಲ್ಲಿ ಮನೆ. ನನ್ನಷ್ಟೇ ವಯಸ್ಸಿನ ಅಜ್ಜಿ. ಒಗೆಯುವ ಮಷೀನಿಗೆ ನೀರೇ ಹತ್ತುವುದಿಲ್ಲ. ಅಜ್ಜಿ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ, ನಲ್ಲಿಯಲ್ಲಿ ನೀಳ್ಳು ಬರುತ್ತವೆ, ಮಷೀನಿನ ಒಳಗೆ ಮಾತ್ರ ಹೋಗುವುದಿಲ್ಲ, ಯಾರೋ ಕಣ್ಣು ಹಾಕಿದ್ದಾರೆ ಎಂದು ಹೇಳಿ, ಮಷೀನಿಗೆ ಮೆಣಸಿನಕಾಯಿ ನಿವಾಳಿಸಿದ್ದನ್ನೂ ಹೇಳಿದರು. ಇವಳು ನೀರಿನ ಪೈಪು ಸೇರುವಲ್ಲಿಂದ ಬೆರಳುಗುರಿನಷ್ಟು ಪುಟ್ಟ ಜಾಲರಿಯೊಂದನ್ನು ಹೊರಗೆಳೆದಳು. ಜಾಲರಿ ಎಲ್ಲಿದೆ? ಸುಣ್ಣ ಬಳಿದ ಗೋಡೆ! ಪಾವಗಡದ ಬೋರಿನ ನೀರಿನಲ್ಲಿ ಅಷ್ಟು ಬಿಳಿ ಪೊರೆ. ಹುಣಸೆಹಣ್ಣಿನ ನೀರು ಕೇಳಿ ಅದರಲ್ಲಿ ನೆನೆಹಾಕಿದಳು. ಹಂಡೆ ತಿಕ್ಕುವ ಹುಣಸೆಹಣ್ಣು ಮಷೀನಿಗೂ ಔಷಧಿಯಾಯಿತೆಂದು ಅಜ್ಜಿಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ಇಂತೇನಾ, ಇಷ್ಟೇನಾ ಎಂದು ಆ ಜಾಲರಿಯನ್ನು ಬೀದಿಯ ನಾಲ್ಕು ಮನೆಗೆ ತೋರಿಸಿಕೊಂಡು ಬಂದರು. ನಾವು ಆ ಬೀದಿ ಬಿಡುವ ಹೊತ್ತಿಗೆ ನಾಲ್ಕೂ ಮನೆಯಲ್ಲಿ ಹುಣಸೆಹಣ್ಣು ನೆನೆದಿತ್ತು.

ಇಷ್ಟೆಲ್ಲ ಊರು ಗೆದ್ದವಳ ಮನೆಯಲ್ಲೇ, ಆಯುಧಪೂಜೆ ಕಳೆದ ಮೇಲೆ, ಒಗೆಯುವ ಮಷೀನು ಕೆಟ್ಟಿತು!

ಕೆಟ್ಟಿತು ಅಂದರೆ ನಿಲ್ಲಲಿಲ್ಲ, ಕುಣಿಯತೊಡಗಿತು. ಬಟ್ಟೆ ಹಿಂಡುವ ಹೊತ್ತಿಗೆ ದಡದಡ ಎಂದು ಬಚ್ಚಲಿನ ಪಕ್ಕದಿಂದ ಹೊರಟು ಅಡುಗೆಮನೆ ಬಾಗಿಲ ತನಕ ಬರುತ್ತಿತ್ತು. ಪೈಪು ಎಳೆದು ಹಿಡಿಯದಿದ್ದರೆ ಬೀದಿಗೇ ಹೋಗುತ್ತಿತ್ತೋ ಏನೋ. ಮೊದಲ ದಿನ ಸದ್ದು ಕೇಳಿದಾಗ ಮೊಮ್ಮಗಳ ಎಡಗಿವಿ ಅಲುಗಿದ್ದನ್ನು ನಾನು ನೋಡಿದೆ. ಅವಳಿಗೆ ಏನೋ ಅಂದಾಜಾಗಿದೆ! ಆದರೆ ಬಾಯಿ ಬಿಡಲಿಲ್ಲ. ನಮ್ಮ ಮನೆಯಲ್ಲಿ ಆ ಮಷೀನು ಬಳಸುವವನು ನನ್ನ ಮಗ. ಕಾಲರಿನ ಕೊಳೆ ಬೇರೆಯವರ ಕೈಯಲ್ಲಿ ಹೋಗುವುದಿಲ್ಲ ಎಂದು ಅವನ ನಂಬಿಕೆ, ಬೇರೆಯವರನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾದರೆ ನಿಯಮದ ಪ್ರಕಾರ ಅವನೇ ಬಂದು ಹೇಳಬೇಕು. ಅವನೋ ಮಾತು ಬಿಟ್ಟವನು!

ನನ್ನ ಸೊಸೆ ಮಧ್ಯೆ ಬಂದು ತಾನೇ ಹೇಳುತ್ತೇನೆ ಅಂದಳು. "ಅದ್ರಾಗೆ ಬಟ್ಟೆ ಹಾಕೋದು ನೀನಲ್ಲ ಕಣಮ್ಮ" ಎಂದು ಇವಳು ಚೀಲ ಹೆಗಲಿಗೇರಿಸಿದಳು. ನಾನು ಗುಟ್ಟಾಗಿ, ತಾತನಿಗಾದರೂ ಹೇಳಮ್ಮ ಅಂದೆ. ತಾತನಿಗೂ ಇಲ್ಲ.

ಮಗ ಕಂಪನಿಯವರನ್ನು ಕರೆಸಿದ. ಅವರು ಬಗ್ಗಿ ಎದ್ದು, ಒಳಗೆ ಡ್ರಮ್ಮನ್ನು ಹಿಡಿದಿರುವ ಸ್ಪ್ರಿಂಗು, ದಾಂಡು ಎಲ್ಲ ಹೋಗಿವೆ, ಪೂರ್ತಿ ಬದಲಾಯಿಸಬೇಕು ಎಂದು ಹೇಳಿ ಹೋದರು. ಸಾಮಾನು ಬರುವ ತನಕ ವಿಜ್ಞಾನದ ಮೇಷ್ಟ್ರು ಹಿತ್ತಲ ಕಲ್ಲಿನ ಮೇಲೆ ಅಂಗಿ ಒಗೆದರು. ಹನ್ನೊಂದು ದಿನ! ಮಗಳು ಸ್ಕೂಟರು ಹೊರಡಿಸುವಾಗ ಇವನು ಹಿತ್ತಲಿನಲ್ಲಿ ಅಂಗಿಯನ್ನು ಎತ್ತಿ ಎತ್ತಿ ಬಡಿಯುವ ಸದ್ದು. ಒಂದೊಂದು ಬಡಿತವೂ ನನಗೆ ನನ್ನ ಬೆನ್ನಿನ ಮೇಲೆ ಬಿದ್ದಂತಾಗುತ್ತಿತ್ತು. ಇಬ್ಬರಲ್ಲಿ ಒಬ್ಬರಾದರೂ ಸೋಲಬಾರದೇ ದೇವರೇ ಅಂದುಕೊಳ್ಳುತ್ತಿದ್ದೆ.

ಹನ್ನೆರಡನೆಯ ದಿನ ಭಾನುವಾರ. ಇವಳು ನಡುಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಳು. ಅವನು ಒದ್ದೆ ಕೈಯಲ್ಲೇ ಬಂದು ಎದುರಿಗೆ ನಿಂತ. ನನ್ನ ಕಡೆ ನೋಡಿದ. ಅಂಚೆಯವನು ಸೂರು ನೋಡುತ್ತಾ ಕೂತೆ.

"ಮಷೀನು ಕುಣೀತಿದೆ," ಅಂದ, ಗೋಡೆಗೆ ಹೇಳಿದ ಹಾಗೆ.

ಅವಳು ಲೋಟ ಕೆಳಗಿಟ್ಟಳು. "ಕೂತ್ಕಳಿ ಸಾರ್. ಯಾವತ್ತಿಂದ?"

ಸಾರ್! ಹೆತ್ತ ಅಪ್ಪನಿಗೆ ಸಾರ್! ಅವನು ಕೂತ.

"ಹಬ್ಬದ ಮಾರನೇ ದಿನದಿಂದ."

"ಹಬ್ಬದ ದಿನ ಏನೇನ್ ಮಾಡಿದ್ರಿ?"

"ಒರೆಸಿದೆ. ವಿಭೂತಿ ಹಚ್ಚಿದೆ. ಕುಂಕುಮ, ಹೂವು."

"ಆಮೇಲೆ?"

ಮೇಷ್ಟ್ರು ನೆಲ ನೋಡಿದರು. "ನಿಂಬೆಹಣ್ಣು ಇಟ್ಟೆ."

"ಎಲ್ಲಿಟ್ರಿ?"

"ಕಾಲಡಿ. ನಾಕಕ್ಕೂ."

ನಾನು ಮೆಲ್ಲಗೆ ಎದ್ದು ಹೊರಗೆ ಹೋಗಲು ನೋಡಿದೆ. ಯಾಕೆಂದರೆ, ಮಷೀನನ್ನು ಎತ್ತಿ ಹಿಡಿದವನು ನಾನು! ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ, ಗಾಡಿ ಮುಂದಕ್ಕೆ ಹೋಗಿ ಹಣ್ಣು ಅಪ್ಪಚ್ಚಿಯಾಗುತ್ತದೆ, ದೃಷ್ಟಿ ಕಳೆಯುತ್ತದೆ. ಒಗೆಯುವ ಮಷೀನು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ವಿಜ್ಞಾನ ಓದಿದ ಅವನಿಗೂ ಹೊಳೆಯಲಿಲ್ಲ, ಓದದ ನನಗೂ ಹೊಳೆಯಲಿಲ್ಲ. ಭಾರಕ್ಕೆ ಮೂರು ಹಣ್ಣು ಅಪ್ಪಚ್ಚಿಯಾಗಿ ಜಾರಿಹೋಗಿದ್ದವು. ಗೋಡೆ ಕಡೆಯ ಮೂಲೆಯ ಒಂದು ಮಾತ್ರ ಅಲ್ಲೇ ಸಿಕ್ಕಿಕೊಂಡು, ಒಣಗಿ ಕಲ್ಲಾಗಿ, ಆ ಒಂದು ಕಾಲನ್ನು ಎತ್ತಿ ಹಿಡಿದಿತ್ತು. ಮೂರೂವರೆ ಕಾಲಿನ ಮೇಲೆ ನಿಂತ ಮಷೀನು ಕುಣಿಯದೇ ಇನ್ನೇನು ಮಾಡೀತು! ಒಳಗಿನ ಸ್ಪ್ರಿಂಗು, ದಾಂಡು ಎಲ್ಲ ಗಟ್ಟಿಯಾಗಿಯೇ ಇದ್ದವು.

ಮೊಮ್ಮಗಳು ಹಣ್ಣು ತೆಗೆದು, ಕಾಲುಗಳನ್ನು ತಿರುಗಿಸಿ ಸಮ ಮಾಡಿ, ಬಟ್ಟೆ ತುಂಬಿ ಮಷೀನು ಹಾಕಿದಳು. ಮೇದು ಮಲಗಿದ ಕುರಿಯ ಹಾಗೆ ಅದು ಇದ್ದಲ್ಲೇ ಗುರುಗುಟ್ಟಿತು. ನಾನು ನಕ್ಕೆ, ಸೊಸೆ ನಕ್ಕಳು, ಇವಳು ಒಣಗಿದ ನಿಂಬೆಹಣ್ಣನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅಲುಗುವುದೇ ಇಲ್ಲ, ಹತ್ತಿರ ಬಂದು ಕೈಯಿಟ್ಟು ನೋಡಬೇಕು ಎಂದು ಅಪ್ಪನನ್ನು ಕರೆದಳು.

ಅವನು ಬರಲಿಲ್ಲ. ನಾಲ್ಕು ಹೆಜ್ಜೆ ದೂರದಲ್ಲೇ ನಿಂತಿದ್ದ.

"ನಮ್ ಚಿಕ್ಕಪ್ಪ ಬೋರಿನ ಸ್ಟಾರ್ಟರ್ ಡಬ್ಬಿ ಬಿಚ್ಚಿದಾಗ ನಾನು ಪಕ್ದಲ್ಲೇ ಇದ್ದೆ," ಅಂದ. "ನನಗೆ ಹತ್ ವರ್ಷ. ದೂರ ನಿಂತ್ಕಳ್ಲಾ ಅಂದ್ರು. ನಿಂತ್ಕಂಡೆ. ಅವರು ಬಿದ್ರು."

ಅವನ ಚಿಕ್ಕಪ್ಪ ಅಂದರೆ ನನ್ನ ಬೆನ್ನಿಗೆ ಬಿದ್ದ ತಮ್ಮ. ಒದ್ದೆ ಕೈಯಲ್ಲಿ ಕರೆಂಟಿನ ಡಬ್ಬಿ ಮುಟ್ಟಿ ಹೋದವನು. ಆ ದಿನ ಹೊಲಕ್ಕೆ ಓಡಿದ ನಾನು ಸತ್ತವನನ್ನು ನೋಡಿದೆ. ಪಕ್ಕದಲ್ಲಿ ನಿಂತಿದ್ದ ನನ್ನ ಮಗನನ್ನು ನೋಡಲಿಲ್ಲ. ಇಷ್ಟು ವರ್ಷವಾದರೂ ನೋಡಿರಲಿಲ್ಲ. ಕರೆಂಟಿನ ಪಾಠವನ್ನು ಇವನು ಬರೀ ಸೀಮೆಸುಣ್ಣದಲ್ಲೇ ಮುಗಿಸುತ್ತಾನಂತೆ ಎಂದು ಯಾರೋ ತಮಾಷೆ ಮಾಡಿದಾಗ ನಾನೂ ನಕ್ಕಿದ್ದೆ.

"ನೀನು ದಿನಾ ಚೀಲ ಹಾಕ್ಕೊಂಡು ಹೊರಟ್ರೆ ನನಗೆ ಬಾಯೇ ಬರಲ್ಲ ಕಣಮ್ಮ," ಅಂದ. "ಸ್ಕೂಟ್ರು ತಿರುಗಿ ಬಂದ ಸದ್ದು ಕೇಳೋಗಂಟ ಅನ್ನ ಇಳಿಯಲ್ಲ."

ನಾಚಿಕೆ ಎಂದುಕೊಂಡಿದ್ದೆವಲ್ಲ ನಾವು!

ಇವಳು ಮಷೀನು ನಿಲ್ಲಿಸಿದಳು. ಗೋಡೆಯ ಪ್ಲಗ್ಗನ್ನು ಕಿತ್ತು, ತಂದು, ಅಪ್ಪನ ಅಂಗೈಯಲ್ಲಿಟ್ಟಳು. "ಮೊದ್ಲು ಇದನ್ನ ಕೀಳ್ತೀನಿ ಅಪ್ಪಾಜಿ. ಆಮೇಲೇ ಮಿಕ್ಕಿದ್ದು. ಎಷ್ಟೇ ಅವಸರ ಇರ್ಲಿ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ."

ಅವನು ಆ ಪ್ಲಗ್ಗಿನ ಮೂರು ಕಾಲನ್ನು ಹೆಬ್ಬೆರಳಿಂದ ಒಂದೊಂದಾಗಿ ಮುಟ್ಟಿ ನೋಡಿದ.

ಈಗ ದಿನಕ್ಕೆ ಮೂರು ಸಲ, ಕೆಲವು ದಿನ ನಾಲ್ಕು ಸಲ, ನಾವು ಯಾವ ಊರಿನಲ್ಲಿದ್ದರೂ ಅವಳ ಫೋನು ಹೊಡೆದುಕೊಳ್ಳುತ್ತದೆ. ಒಂದು ಪಾಠ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಮೇಷ್ಟ್ರು ಮಾಡುವ ಫೋನು. ಚೆನ್ನಾಗಿದ್ದೀಯಾ ಇಲ್ಲ, ಊಟ ಆಯಿತಾ ಇಲ್ಲ. ಒಂದೇ ಮಾತು. ನನಗೆ ಅದು ಸಾಕು, ಬೇಕಾದಷ್ಟಾಯಿತು!

ನಿನ್ನೆ ತಾವರೆಕೆರೆಯಲ್ಲಿದ್ದೆವು. ಗ್ರೈಂಡರಿನ ಪ್ಲಗ್ಗು ಕಿತ್ತು ನೆಲದ ಮೇಲಿಟ್ಟು, ಇವಳು ಮನೆಯಾಕೆಯ ಕಥೆ ಕೇಳುತ್ತಾ ಮಜ್ಜಿಗೆ ಕುಡಿಯುತ್ತಿದ್ದಳು. ಫೋನು ಬಂತು.

"ಪ್ಲಗ್ ಕಿತ್ತ್ಯಾ?"

ಸ್ವಲ್ಪ ಮುಂಚೆ ತಾನೇ ಕಿತ್ತದ್ದು. ಆದರೂ ಅವಳು ಲೋಟ ಪಕ್ಕಕ್ಕಿಟ್ಟು ಎದ್ದಳು. ಗೋಡೆಯ ಹತ್ತಿರ ಹೋಗಿ ಖಾಲಿ ತೂತುಗಳನ್ನು ನೋಡಿ, ಬಗ್ಗಿ ನೆಲದ ಮೇಲಿದ್ದ ಪ್ಲಗ್ಗನ್ನು ಕೈಗೆತ್ತಿಕೊಂಡಳು.

"ಕಿತ್ತೆ ಅಪ್ಪಾಜಿ."

ಅವನು ಫೋನು ಇಡಲಿಲ್ಲ. ಇವಳೂ ಇಡಲಿಲ್ಲ. ಆ ಕಡೆ ಶಾಲೆಯ ಗಂಟೆ ಹೊಡೆದದ್ದು ನನಗೂ ಕೇಳಿಸಿತು.